ಫೆಬ್ರುವರಿಯೋ, ಆಗಸ್ಟೋ: ದ್ವೀಪದ ಯಾವ ದಡದಲ್ಲಿ ನೀರಿಗಿಳಿಯಬೇಕು?

ಪ್ರಶ್ನೆ: ಹೋದ ವರ್ಷ ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಈವರೆಗೆ 14 ಡೈವ್ ಆಗಿದೆ, ಕೊನೆಯದು ಆಗಿ ಹತ್ತು ತಿಂಗಳಾಯಿತು. ರಜೆ ಸಿಗುವುದು ಫೆಬ್ರುವರಿಯಲ್ಲಿ ಇಲ್ಲವೇ ಆಗಸ್ಟ್‌ನಲ್ಲಿ, ಹತ್ತು ದಿನ. ಮಾಲ್ದೀವ್ಸ್, ಶ್ರೀಲಂಕಾ, ಬಾಲಿ ಇವುಗಳಲ್ಲಿ ಒಂದಕ್ಕೆ ಹೋಗಬೇಕೆಂದಿದ್ದೇನೆ. ಒಂದು ಕಡೆ ‘ವರ್ಷವಿಡೀ ಡೈವಿಂಗ್’ ಎಂದಿರುತ್ತದೆ, ಇನ್ನೊಂದು ಕಡೆ ಅದೇ ದೇಶಕ್ಕೆ ‘ನವೆಂಬರ್‌ನಿಂದ ಏಪ್ರಿಲ್ ಮಾತ್ರ’ ಎಂದಿರುತ್ತದೆ. ತಿಳಿನೀರೂ ಬೇಕು, ರೆಕ್ಕೆ ಬೀಸುವಂತೆ ಈಜುವ ದೊಡ್ಡ ಮೀನು ಮಾಂಟಾ ರೇ ನೋಡುವ ಆಸೆಯೂ ಇದೆ. ಹೆಂಡತಿ ಡೈವ್ ಮಾಡುವುದಿಲ್ಲ, ನಳಿಗೆಯಿಂದ ಉಸಿರಾಡುತ್ತಾ ಮೇಲ್ಮೈಯಲ್ಲೇ ಈಜುವ ಸ್ನಾರ್ಕೆಲಿಂಗ್ ಮಾಡುತ್ತಾಳೆ. ಯಾವ ತಿಂಗಳು, ಯಾವ ದ್ವೀಪ, ದಿನಗಳನ್ನು ಹೇಗೆ ಜೋಡಿಸಿಕೊಳ್ಳಲಿ? ಬುಕ್ ಮಾಡಿದ ಮೇಲೆ ಸಮುದ್ರ ಕೆಟ್ಟರೆ ಏನು ಮಾಡುವುದು?

ಉತ್ತರ: ನೀವು ಓದಿದ ಎರಡೂ ಮಾತು ನಿಜ, ಹಾಗಾಗಿಯೇ ಗೊಂದಲ. ‘ವರ್ಷವಿಡೀ’ ಎಂದವರು ಇಡೀ ದೇಶದ ಲೆಕ್ಕ ಹೇಳಿದ್ದಾರೆ, ‘ನವೆಂಬರ್‌ನಿಂದ ಏಪ್ರಿಲ್’ ಎಂದವರು ತಮ್ಮ ದಡದ ಲೆಕ್ಕ ಹೇಳಿದ್ದಾರೆ. ಡೈವಿಂಗ್‌ಗೆ ಸಂಬಂಧಿಸಿದಂತೆ ಋತು ಅನ್ನುವುದು ದಡಕ್ಕೆ ಅಂಟಿಕೊಂಡಿರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಮುಖ ಕೆಡುತ್ತದೆ, ಬೆನ್ನಿನ ಕಡೆ ನೀರು ತಣ್ಣಗೆ ಮಲಗಿರುತ್ತದೆ. ಆರು ತಿಂಗಳಿಗೆ ಗಾಳಿ ತಿರುಗಿ ಬಿದ್ದಾಗ ಮುಖ ಯಾವುದು, ಬೆನ್ನು ಯಾವುದು ಎಂಬುದೂ ಅದಲುಬದಲಾಗುತ್ತದೆ. ಆದ್ದರಿಂದ ‘ಯಾವ ತಿಂಗಳು’ ಎಂದು ಕೇಳಿದ ಕೂಡಲೇ ‘ಯಾವ ದಡ’ ಎಂದೂ ಕೇಳಬೇಕು.

ಇದಕ್ಕೆ ಶ್ರೀಲಂಕಾದಷ್ಟು ಸ್ಪಷ್ಟ ಉದಾಹರಣೆ ಬೇರೆ ಸಿಗುವುದಿಲ್ಲ. ಮುಂಗಾರು ನೈಋತ್ಯದಿಂದ ಬರುತ್ತದೆ, ಹಿಂಗಾರು ಈಶಾನ್ಯದಿಂದ. ಹಿಕ್ಕಡುವ, ಉನವಟುನ ಇರುವ ನೈಋತ್ಯ ಕರಾವಳಿಯಲ್ಲಿ ಸಮುದ್ರ ಶಾಂತವಾಗಿರುವುದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಮೇ ಬಂತೆಂದರೆ ಅಲ್ಲಿ ದೊಡ್ಡ ಅಲೆ, ಕದಡಿದ ನೀರು. ಅದೇ ಹೊತ್ತಿಗೆ ಪೂರ್ವದ ತ್ರಿಂಕೋಮಲಿ ಬಾಗಿಲು ತೆರೆಯುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನಿಲಾವೇಲಿ ಎದುರಿನ ಪಿಜನ್ ಐಲ್ಯಾಂಡ್‌ನ ಸುತ್ತ ನೀರು ಸಮತಟ್ಟಾಗಿರುತ್ತದೆ. ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್‌ಗಳು ಮೊಣಕಾಲುದ್ದದ ನೀರಿಗೂ ಬಂದು ಹೋಗುವ ಜಾಗ ಅದು. ಅಂದರೆ ಫೆಬ್ರುವರಿಗೆ ನೈಋತ್ಯದ ಗಾಲ್ ಕಡೆ ಹೋಗಬೇಕು, ಆಗಸ್ಟ್‌ಗೆ ತ್ರಿಂಕೋಮಲಿ ಕಡೆ. ದೇಶ ಒಂದೇ ಆದರೂ ತಪ್ಪು ದಡಕ್ಕೆ ಹೋಟೆಲ್ ಬುಕ್ ಮಾಡಿದರೆ ಹತ್ತು ದಿನವೂ ಕಿಟಕಿಯಿಂದ ಅಲೆ ಎಣಿಸುತ್ತಾ ಕೂರಬೇಕಾಗುತ್ತದೆ. ಥಾಯ್ಲೆಂಡ್‌ನಲ್ಲೂ ಹೀಗೇ. ಅಂಡಮಾನ್ ಸಮುದ್ರದ ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಬಿಡುತ್ತಾರೆ. ಆ ತಿಂಗಳುಗಳಲ್ಲಿ ಆಚೆ ಬದಿಯ ಕೊಲ್ಲಿಯಲ್ಲಿರುವ ಕೋ ತಾವ್‌ನಲ್ಲಿ ಡೈವಿಂಗ್ ಜೋರಾಗಿ ನಡೆಯುತ್ತಿರುತ್ತದೆ.

ಮಾಲ್ದೀವ್ಸ್ ಇನ್ನೂ ಸೂಕ್ಷ್ಮ. ಅಲ್ಲಿನವರು ಈಶಾನ್ಯ ಮಾನ್ಸೂನ್‌ಗೆ ‘ಇರುವೈ’ ಎನ್ನುತ್ತಾರೆ, ನೈಋತ್ಯದ್ದಕ್ಕೆ ‘ಹುಳಂಗು’. ಇಡೀ ವರ್ಷವನ್ನು ‘ನಕೈ’ ಎಂಬ 27 ಭಾಗ ಮಾಡಿ, ಒಂದೊಂದು ಭಾಗದಲ್ಲಿ ಗಾಳಿ ಹೇಗೆ, ಮೀನು ಹೇಗೆ ಎಂದು ಮೀನುಗಾರರು ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಅವುಗಳ ಹೆಸರು ಕೇಳಿ: ಅಸ್ಸಿದ, ಬುರುನು, ಕೆತಿ, ರೋನು. ನಮ್ಮ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿಗಳೇ ಸಮುದ್ರ ದಾಟಿ ಹೋಗಿ ಅಲ್ಲಿ ಹೀಗೆ ನೆಲೆಸಿವೆ. ನನಗೆ ಇದು ಮೊದಲ ಸಲ ಗೊತ್ತಾದಾಗ ಆದ ಸಂತೋಷ ಇನ್ನೂ ಹಾಗೇ ಇದೆ.

ವಿಷಯಕ್ಕೆ ಬರುತ್ತೇನೆ. ಇರುವೈ ಕಾಲದಲ್ಲಿ, ಅಂದರೆ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಸಾಗರದ ನೀರು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಅಟಾಲ್ ಅಂದರೆ ಹವಳದ ದಿಬ್ಬಗಳ ಒಂದು ದೊಡ್ಡ ಉಂಗುರ. ತೆರೆದ ಸಾಗರದ ತಿಳಿನೀರು ಪೂರ್ವದ ಬಾಗಿಲುಗಳಿಂದ ಒಳಗೆ ಬಂದು, ಒಳಗಿನ ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮಜೀವಿಗಳನ್ನು ಹೊತ್ತುಕೊಂಡು ಪಶ್ಚಿಮದ ಬಾಗಿಲುಗಳಿಂದ ಹೊರಬೀಳುತ್ತದೆ. ಹಾಗಾಗಿ ಪೂರ್ವದಲ್ಲಿ ನೋಟ ಸ್ವಚ್ಛ, ಪಶ್ಚಿಮದಲ್ಲಿ ನೀರು ಕೊಂಚ ಮಸುಕು. ಆದರೆ ಆ ಮಸುಕೇ ಮಾಂಟಾಗಳ ಊಟ. ಹುಳಂಗು ಕಾಲ ಬಂದು, ಮೇಯಿಂದ ನವೆಂಬರ್‌ವರೆಗೆ, ಹರಿವು ತಿರುಗಿದಾಗ ಮಾಂಟಾಗಳೂ ಪೂರ್ವದ ಬದಿಗೆ ಸಾಗುತ್ತವೆ. ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಹತ್ತಾರು ಮಾಂಟಾಗಳು ಒಟ್ಟಿಗೆ ಬಾಯಿ ತೆರೆದು ಸುತ್ತುವುದು ಈ ಕಾಲದಲ್ಲಿ. ಬಾ ಅಟಾಲ್ 2011ರಿಂದ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ. ಹನಿಫಾರುವಿನಲ್ಲಿ ಸ್ಕೂಬಾಕ್ಕೆ ಅನುಮತಿಯೇ ಇಲ್ಲ, ಸ್ನಾರ್ಕೆಲ್ ಮಾತ್ರ. ನಿಮ್ಮ ಹೆಂಡತಿಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಟ್ಯಾಂಕ್ ಬಿಚ್ಚಿಟ್ಟು ನೀವೇ ಅವರ ಪಕ್ಕದಲ್ಲಿ ಈಜಬೇಕು!

ತಿಳಿನೀರು ಮತ್ತು ಮಾಂಟಾ ಎರಡೂ ಬೇಕು ಎಂದಿದ್ದೀರಿ. ಇವೆರಡರ ನಡುವೆ ಜಗಳ ಇರುವುದನ್ನು ಈಗ ನೀವೇ ನೋಡಿದಿರಿ. ಸೋಸಿಕೊಂಡು ತಿನ್ನುವ ದೊಡ್ಡ ಪ್ರಾಣಿಗಳೆಲ್ಲ ನೀರಿನಲ್ಲಿ ತಿನ್ನಲು ಏನಾದರೂ ಇರುವ ಕಡೆಗೇ ಬರುತ್ತವೆ, ಗಾಜಿನಂಥ ನೀರಿನಲ್ಲಿ ಅವಕ್ಕೆ ಕೆಲಸವಿಲ್ಲ. ಹತ್ತು ಮೀಟರ್ ಆಚೆಯ ಮಬ್ಬಿನಿಂದ ಮೊದಲು ಒಂದು ಬಿಳಿ ಹೊಟ್ಟೆ, ಆಮೇಲೆ ಎರಡು ರೆಕ್ಕೆ ಮೂಡಿ ಬರುವುದು ಮಾಂಟಾ ನೋಡುವ ನಿಜವಾದ ಅನುಭವ. ಹಾಗೆಂದು ಎರಡನ್ನೂ ಒಂದೇ ಪ್ರವಾಸದಲ್ಲಿ ಪಡೆಯಲಾಗದು ಎಂದಲ್ಲ, ಒಂದೇ ಡೈವ್‌ನಲ್ಲಿ ಸಿಗುವುದು ಅಪರೂಪ. ಒಂದೇ ಅಟಾಲ್‌ನ ಎರಡು ಬದಿಗೆ ಎರಡು ದಿನ ಹೋದರೆ ಎರಡೂ ಸಿಗುತ್ತವೆ.

ಮಳೆಯ ಬಗ್ಗೆ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಹವಾಮಾನದ ಪಟ್ಟಿಯಲ್ಲಿ ಮಳೆ ಎಷ್ಟು ಮಿಲಿಮೀಟರ್ ಎಂದು ನೋಡಿ ತಿಂಗಳು ಆರಿಸುವವರೇ ಹೆಚ್ಚು. ನೀರಿನಡಿ ಹೋದ ಮೇಲೆ ಮಳೆ ನಿಮ್ಮನ್ನು ಏನೂ ಮಾಡುವುದಿಲ್ಲ, ಕೆಡಿಸುವುದು ಗಾಳಿ. ಮಳೆ ತೊಂದರೆ ಕೊಡುವುದು ನದಿಯ ಮೂಲಕ ಮಾತ್ರ. ಮಾಲ್ದೀವ್ಸ್‌ನಲ್ಲಿ ನದಿಯೇ ಇಲ್ಲ. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮೇಲಿರುವ ಹವಳದ ಮರಳು, ಬಿದ್ದ ಮಳೆಯನ್ನು ಅಲ್ಲೇ ಕುಡಿದುಬಿಡುತ್ತದೆ. ರಾತ್ರಿಯಿಡೀ ಸುರಿದರೂ ಬೆಳಿಗ್ಗೆ ರೀಫ್, ಅಂದರೆ ಹವಳದ ದಿಬ್ಬದ, ಮೇಲೆ ಕೆಸರು ಬರುವುದಿಲ್ಲ. ಬಾಲಿ, ಶ್ರೀಲಂಕಾ ಹಾಗಲ್ಲ. ಅಲ್ಲಿ ಬೆಟ್ಟಗಳಿವೆ, ಗದ್ದೆಗಳಿವೆ, ಹೊಳೆಗಳಿವೆ. ಬಾಲಿಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ. ಹೊಳೆಗಳು ಮಣ್ಣನ್ನೂ ಪ್ಲಾಸ್ಟಿಕ್ಕನ್ನೂ ತಂದು ಕಡಲಿಗೆ ಸುರಿಯುತ್ತವೆ, ಪಶ್ಚಿಮದ ಗಾಳಿ ಅದನ್ನು ಮತ್ತೆ ದಡಕ್ಕೆ ತಳ್ಳುತ್ತದೆ. ಬೆಟ್ಟವಿರುವ ದ್ವೀಪಕ್ಕೆ ಮಳೆಗಾಲದಲ್ಲಿ ಹೋಗುವುದೇ ಆದರೆ ಹೊಳೆಯ ಬಾಯಿಂದ ದೂರವಿರುವ ಸ್ಥಳಗಳನ್ನೇ ಕೇಳಿ ಆರಿಸಿಕೊಳ್ಳಿ.

ಬಾಲಿಯ ಆಗಸ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಆಕರ್ಷಿಸುವುದೂ ನಿಮಗೆ ಅತಿ ಹೆಚ್ಚು ಅಪಾಯ ತರಬಹುದಾದುದೂ ಅದೇ. ಆಗ ಅಲ್ಲಿ ಒಣಹವೆ, ನೀಲಿ ಆಕಾಶ. ಬಾಲಿ ಮತ್ತು ಲೊಂಬೊಕ್ ನಡುವಿನ ಜಲಸಂಧಿಯಲ್ಲಿ ಪೆಸಿಫಿಕ್‌ನ ನೀರು ಹಿಂದೂ ಮಹಾಸಾಗರಕ್ಕೆ ಇಳಿದುಹೋಗುತ್ತದೆ. ಅದರ ಬಾಯಿಯಲ್ಲೇ ಕುಳಿತಿದೆ ನುಸಾ ಪೆನಿಡಾ ದ್ವೀಪ. ಜುಲೈಯಿಂದ ಅಕ್ಟೋಬರ್‌ವರೆಗೆ ತಳದ ತಣ್ಣೀರು ಮೇಲೆದ್ದು ಬರುತ್ತದೆ, ಅದರೊಂದಿಗೆ ಮೋಲಾ ಎಂಬ ದೈತ್ಯ ಮೀನೂ ಮೇಲೆ ಬಂದು ರೀಫ್‌ನ ಸಣ್ಣ ಮೀನುಗಳಿಂದ ಮೈಮೇಲಿನ ಪರೋಪಜೀವಿಗಳನ್ನು ಕೀಳಿಸಿಕೊಳ್ಳುತ್ತದೆ. ಸಮಭಾಜಕದಿಂದ ಒಂಬತ್ತು ಡಿಗ್ರಿಯೂ ದೂರವಿಲ್ಲದ ಆ ಜಾಗದಲ್ಲಿ ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬೇರೆಡೆ ಸಾಕಾಗುವ 3 ಮಿ.ಮೀ. ವೆಟ್‌ಸೂಟ್ ಅಲ್ಲಿ ಸಾಲುವುದಿಲ್ಲ, 5 ಮಿ.ಮೀ. ಮತ್ತು ತಲೆಗೆ ಹುಡ್ ಬೇಕಾಗುತ್ತದೆ. ಚಳಿಗಿಂತ ಹೆಚ್ಚಿನ ಚಿಂತೆ ಸೆಳೆತದ್ದು. ಕೆಲವು ಕಡೆ ನೀರು ರೀಫ್‌ನ ಗೋಡೆಗೆ ಬಡಿದು ಕೆಳಮುಖವಾಗಿ ಹರಿಯುತ್ತದೆ, ಡೈವರನ್ನೂ ಕೆಳಗೆ ಒಯ್ಯುತ್ತದೆ.

ಅದೇ ದ್ವೀಪದ ದಕ್ಷಿಣ ಬದಿಯಲ್ಲಿ ಮಾಂಟಾಗಳು ಬರುವ ತಾಣವಿದೆ. ಅಲ್ಲಿ ಆಗಸ್ಟ್‌ನ ಒಂದು ಬೆಳಿಗ್ಗೆ ನಾನು ಮಾಡಿದ ತಪ್ಪನ್ನು ನಿಮಗೆ ಹೇಳಲೇಬೇಕು. ಗಾಳಿ ಇರಲಿಲ್ಲ. ನೀರಿನ ಮೇಲ್ಮೈ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು. ಬೋಟ್ ಮಾತ್ರ ಬಹಳ ನಿಧಾನವಾಗಿ ಏರಿ, ಬಹಳ ನಿಧಾನವಾಗಿ ಇಳಿಯುತ್ತಿತ್ತು. ನನ್ನ ಜೊತೆಗಿದ್ದವರು ಹೆಚ್ಚುಕಡಿಮೆ ನಿಮ್ಮಷ್ಟೇ ಅನುಭವದವರು. ‘ಎಷ್ಟು ಶಾಂತವಾಗಿದೆ’ ಎಂದರು, ನಾನೂ ಹೌದೆಂದೆ. ಹನ್ನೆರಡು ಮೀಟರ್ ಆಳಕ್ಕೆ ಇಳಿದಾಗ ಇಡೀ ಸಮುದ್ರ ತೂಗುತ್ತಿತ್ತು. ಮರಳು ಎದ್ದು ಒಂದು ಕಡೆ ಓಡುತ್ತದೆ, ಕ್ಷಣ ನಿಲ್ಲುತ್ತದೆ, ಮತ್ತೆ ಹಿಂದಕ್ಕೆ ಓಡುತ್ತದೆ. ಬಂಡೆಗೆ ಅಂಟಿದ ಹವಳದ ಬೀಸಣಿಗೆ ಪೂರ್ತಿ ಎಡಕ್ಕೆ ಬಾಗಿ, ಪೂರ್ತಿ ಬಲಕ್ಕೆ ಬಾಗುತ್ತಿತ್ತು. ಹಿಂದಕ್ಕೆ ಎಳೆದಾಗ ಅವರು ಅದರ ವಿರುದ್ಧ ಜೋರಾಗಿ ಕಾಲು ಬಡಿದರು, ಮುಂದಕ್ಕೆ ತಳ್ಳಿದಾಗ ಬಂಡೆಗೆ ಕೈ ಕೊಟ್ಟರು. ಅಂಗೈ ಹರಿಯಿತು. 200 ಬಾರ್ ಗಾಳಿಯ ಒತ್ತಡದಲ್ಲಿ ಶುರುವಾದ ಟ್ಯಾಂಕ್ ಹದಿನೆಂಟು ನಿಮಿಷಕ್ಕೆ 80ಕ್ಕೆ ಬಂದಿತ್ತು. ಮುಖವಾಡದ ಹಿಂದೆ ಅವರ ಕಣ್ಣು ಅಗಲವಾಗಿದ್ದುದು ನನಗೆ ಇಂದಿಗೂ ನೆನಪಿದೆ. ಹೆಬ್ಬೆರಳು ಮೇಲೆ ಮಾಡಿ, ಅಂದರೆ ಮೇಲೆ ಹೋಗೋಣ ಎಂದು ಸನ್ನೆ ಮಾಡಿ, ಡೈವ್ ಮುಗಿಸಿದೆವು, ಸುರಕ್ಷಿತವಾಗಿ ಮೇಲೆ ಬಂದೆವು. ಮಾಂಟಾ ಬಂದಿತ್ತಂತೆ, ನಾವು ನೋಡಲಿಲ್ಲ.

ನಾನು ಆ ದಿನ ಅಲೆಯ ಎತ್ತರ ನೋಡಿದ್ದೆ, ಅದರ ಸೆಕೆಂಡು ನೋಡಿರಲಿಲ್ಲ. ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಪಕ್ಕದಲ್ಲಿ ಒಂದು ಸಣ್ಣ ಸಂಖ್ಯೆ ಇರುತ್ತದೆ: ಒಂದು ಅಲೆ ಬಂದು ಇನ್ನೊಂದು ಬರುವ ನಡುವಿನ ಸೆಕೆಂಡುಗಳು. ಹತ್ತಿರದ ಗಾಳಿ ಎಬ್ಬಿಸಿದ ಅಲೆಗೆ ಇದು ಐದಾರು ಸೆಕೆಂಡು. ಸಾವಿರಾರು ಕಿಲೋಮೀಟರ್ ಆಚೆ, ದಕ್ಷಿಣದ ಚಳಿಗಾಲದ ಬಿರುಗಾಳಿಗಳಲ್ಲಿ ಹುಟ್ಟಿ ಬರುವ ಸ್ವೆಲ್‌ಗೆ ಹದಿನಾಲ್ಕು, ಹದಿನಾರು. ಒಂದೇ ಮೀಟರ್ ಎತ್ತರದ ಎರಡು ಅಲೆ ತೆಗೆದುಕೊಳ್ಳಿ. ಆರು ಸೆಕೆಂಡಿನ ಅಲೆಗೆ ತೆರೆದ ಸಾಗರದಲ್ಲಿ ಉದ್ದ ಸುಮಾರು 56 ಮೀಟರ್, ಹದಿನಾಲ್ಕು ಸೆಕೆಂಡಿನದಕ್ಕೆ ಸುಮಾರು 300 ಮೀಟರ್. ಉದ್ದ ಹೆಚ್ಚಿದಷ್ಟೂ ಅದರ ಕೈ ಆಳಕ್ಕೆ ಚಾಚುತ್ತದೆ. 20 ಮೀಟರ್ ಆಳದ ತಳದಲ್ಲಿ ಆರು ಸೆಕೆಂಡಿನ ಅಲೆ ನಿಮ್ಮನ್ನು ಒಂದು ಗೇಣಿನಷ್ಟು ಆಚೀಚೆ ಅಲುಗಿಸಿದರೆ, ಹದಿನಾಲ್ಕು ಸೆಕೆಂಡಿನದು ಒಂದೂಕಾಲು ಮೀಟರಿಗೂ ಹೆಚ್ಚು ತೂಗುತ್ತದೆ. ಮೇಲಿನಿಂದ ನೋಡಿದರೆ ಎರಡನೆಯದೇ ಶಾಂತವಾಗಿ ಕಾಣುತ್ತದೆ! ಅಂದಿನಿಂದ ನನ್ನದೊಂದು ನಿಯಮ: ಹೊಸಬರು ಜೊತೆಗಿದ್ದಾಗ, ಸ್ವೆಲ್ ಒಂದು ಮೀಟರ್ ದಾಟಿ ಸೆಕೆಂಡು ಹನ್ನೆರಡು ದಾಟಿದರೆ, ಅದಕ್ಕೆ ಮುಖ ಮಾಡಿದ ದಡಕ್ಕೆ ಹೋಗುವುದಿಲ್ಲ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಕಂಡು ಕಲಿತದ್ದು.

ತಿಂಗಳು ಮತ್ತು ದಡ ಆಯಿತು. ಹತ್ತು ದಿನಗಳ ಒಳಗಿನ ಲೆಕ್ಕ ನಡೆಸುವುದು ಚಂದ್ರ. ಇದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನ, ಅಂದರೆ ಪಾಡ್ಯ, ಬಿದಿಗೆಯ ಹೊತ್ತಿಗೆ ಉಬ್ಬರ ಅತಿ ಎತ್ತರ, ಇಳಿತ ಅತಿ ತಗ್ಗು. ಅಷ್ಟಮಿ ದಾಟಿ ಒಂದೆರಡು ದಿನಕ್ಕೆ ಎರಡರ ನಡುವಿನ ಅಂತರ ಅತಿ ಕಡಿಮೆ. ಅಂತರ ಹೆಚ್ಚಿದ ದಿನ ಅಷ್ಟೇ ಹೊತ್ತಿನಲ್ಲಿ ಹೆಚ್ಚು ನೀರು ಓಡಾಡಬೇಕು, ಆದ್ದರಿಂದ ಸೆಳೆತ ಜೋರು. ಮಾಲ್ದೀವ್ಸ್‌ನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಸುಮಾರು ಒಂದು ಮೀಟರ್ ಅಷ್ಟೇ, ಆದರೆ ಆ ಒಂದು ಮೀಟರ್ ನೀರು ಇಡೀ ಅಟಾಲ್‌ನೊಳಗೆ ತುಂಬಿ ಬರಿದಾಗಬೇಕಾದದ್ದು ಕೆಲವೇ ಕಿರಿದಾದ ‘ಕಂಡು’ಗಳ, ಅಂದರೆ ಉಂಗುರದ ಬಾಗಿಲುಗಳ, ಮೂಲಕ. ಅಲ್ಲಿ ನೀರು ಹೊಳೆಯಂತೆ ಹರಿಯುತ್ತದೆ. ಹನಿಫಾರುವಿನಲ್ಲಿ ಪ್ಲಾಂಕ್ಟನ್ ತುಂಬುವುದೂ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲೇ. ಮಾಂಟಾಗೆ ಒಳ್ಳೆಯ ದಿನ ಹೊಸ ಡೈವರ್‌ಗೆ ಕಷ್ಟದ ದಿನ.

ಒಂದೇ ದಿನದೊಳಗೂ ಏರಿಳಿತವಿದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುವ ಕಡೆ ಒಂದರಿಂದ ಇನ್ನೊಂದಕ್ಕೆ ಆರು ತಾಸಿನ ಮೇಲೆ ತುಸು. ಒಟ್ಟು ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ತಾಸಿನಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಒಂದು ಎಂದು ಹಳೆಯ ನಾವಿಕರ ಅಂದಾಜು. ನಡುವಿನ ಎರಡು ತಾಸಿನಲ್ಲೇ ಅರ್ಧ ನೀರು ಸಾಗಿಹೋಗುತ್ತದೆ. ನೀರು ತಿರುಗುವ ಹೊತ್ತಿಗೆ ಇಳಿಯಿರಿ. ಆ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ‘ನಿತ್ಯ ಒಂಬತ್ತಕ್ಕೆ ಬೋಟ್’ ಎಂದು ಗಡಿಯಾರ ಹಿಡಿದು ಹೊರಡುವವರಿಗಿಂತ ‘ನಾಳೆ ಎಷ್ಟು ಹೊತ್ತಿಗೆ ಎಂದು ಇವತ್ತು ಸಂಜೆ ಹೇಳುತ್ತೇವೆ’ ಎನ್ನುವವರು ನನಗೆ ಇಷ್ಟ. ಬಾಗಿಲಿನ ಹತ್ತಿರದ ಸ್ಥಳಗಳಲ್ಲಿ ನೀರು ಒಳಬರುವಾಗ ಸಾಗರದ ತಿಳಿನೀರು ಬರುತ್ತದೆ, ಹೊರಹೋಗುವಾಗ ಲಗೂನಿನ, ಅಂದರೆ ಉಂಗುರದೊಳಗಿನ ನೀರಿನ, ಕದಡು ಬರುತ್ತದೆ. ನೋಟದ ದೃಷ್ಟಿಯಿಂದ ಉಬ್ಬರದ ಕೊನೆ ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಆಯ್ಕೆ: ಫೆಬ್ರುವರಿ, ಮಾಲ್ದೀವ್ಸ್, ಆರಿ ಅಟಾಲ್‌ನ ದಕ್ಷಿಣ ಇಲ್ಲವೇ ನೈಋತ್ಯ ಭಾಗ. ಫೆಬ್ರುವರಿ ಇರುವೈ ಕಾಲದ ನಟ್ಟನಡುವೆ ಬೀಳುತ್ತದೆ. ಋತುವಿನ ಅಂಚುಗಳು ಒಂದೆರಡು ವಾರ ಆಚೀಚೆ ಜಾರುವುದು ಮಾಮೂಲು, ಆದ್ದರಿಂದ ಏಪ್ರಿಲ್ ಕೊನೆ, ನವೆಂಬರ್ ಮೊದಲಿಗಿಂತ ನಡುವಿನ ತಿಂಗಳು ನಂಬಿಕೆಗೆ ಅರ್ಹ. ಆ ಕಾಲದಲ್ಲಿ ಆರಿಯ ಪಶ್ಚಿಮ ಬದಿಯ ಕ್ಲೀನಿಂಗ್ ಸ್ಟೇಷನ್‌ಗಳಿಗೆ, ಅಂದರೆ ಸಣ್ಣ ಮೀನುಗಳು ದೊಡ್ಡವುಗಳ ಮೈ ಶುಚಿಮಾಡುವ ದಿಬ್ಬಗಳಿಗೆ, ಮಾಂಟಾ ಬರುತ್ತವೆ. ದಕ್ಷಿಣ ಆರಿಯ ರೀಫ್ ಅಂಚಿನಲ್ಲಿ ವೇಲ್ ಶಾರ್ಕ್ ವರ್ಷವಿಡೀ ಕಾಣಿಸುತ್ತದೆ, ಆ ಪ್ರದೇಶವನ್ನು 2009ರಲ್ಲಿ ಸಂರಕ್ಷಿತವೆಂದು ಘೋಷಿಸಿದ್ದಾರೆ. ಅದು ಮೇಲ್ಮೈಗೆ ಹತ್ತಿರ ಈಜುವ ಪ್ರಾಣಿ, ನಿಮ್ಮ ಹೆಂಡತಿಗೆ ಸ್ನಾರ್ಕೆಲ್ ಹಾಕಿಕೊಂಡೇ ನಿಮಗಿಂತ ಚೆನ್ನಾಗಿ ಕಾಣಬಹುದು. ಮುಟ್ಟಬಾರದು, ದಾರಿಗೆ ಅಡ್ಡ ಹೋಗಬಾರದು, ಪಕ್ಕದಲ್ಲಿ ದೂರವಿಟ್ಟು ಈಜಬೇಕು. ಬೋಟ್‌ಗಳು ಅದನ್ನು ಸುತ್ತುಗಟ್ಟಿ ಜನ ಮೇಲೆ ಬೀಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಂಥ ಗುಂಪು ಕಂಡರೆ ‘ನಾವು ಕಾಯುತ್ತೇವೆ’ ಎಂದು ನಿಮ್ಮ ಬೋಟಿನವರಿಗೆ ಹೇಳಿ, ದಯವಿಟ್ಟು.

ಕಂಡುಗಳಲ್ಲಿ ಇಳಿಯಬೇಡಿ. 14 ಡೈವ್‌ಗೆ ಅದು ಬೇಗ. ಅಟಾಲ್‌ನ ಒಳಗಿನ ದಿಬ್ಬಗಳು, ಹೋಟೆಲ್ ಎದುರಿನ ಹೌಸ್ ರೀಫ್, ಸೆಳೆತ ಕಡಿಮೆ ಇರುವ ಕ್ಲೀನಿಂಗ್ ಸ್ಟೇಷನ್ ಇಷ್ಟೇ ನಿಮಗೆ ಧಾರಾಳ. ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್. ಬಣ್ಣವೂ ಬೆಳಕೂ ಹೆಚ್ಚಿರುವುದು ಅದಕ್ಕೂ ಮೇಲೆಯೇ.

ಆಗಸ್ಟ್‌ನಲ್ಲೇ ರಜೆ ಸಿಕ್ಕರೆ ತ್ರಿಂಕೋಮಲಿಗೆ ಹೋಗಿ. ಪೂರ್ವ ಕರಾವಳಿಯಲ್ಲಿ ಕೆಳಗೆ ಬಟ್ಟಿಕಲೋವಾ ಎದುರು ಎಚ್‌ಎಂಎಸ್ ಹರ್ಮಿಸ್ ಹಡಗು ಮಲಗಿದೆ, 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳು ಮುಳುಗಿಸಿದ ಯುದ್ಧನೌಕೆ. ಯಾರಾದರೂ ಕರೆದರೂ ಹೋಗಬೇಡಿ, ಅದು ಇರುವುದು 50 ಮೀಟರ್ ಆಚೆ, ಮನರಂಜನಾ ಡೈವಿಂಗ್‌ನ 40 ಮೀಟರ್ ಮಿತಿಗೂ ಕೆಳಗೆ. ಮುಳುಗಿದ ಹಡಗು ನೋಡುವ ಆಸೆಯಿದ್ದರೆ ಬಾಲಿಯ ಈಶಾನ್ಯದ ತುಲಂಬೆನ್‌ನಲ್ಲಿರುವ ‘ಲಿಬರ್ಟಿ’ ನಿಮಗೆ ತಕ್ಕದ್ದು. 1942ರಲ್ಲಿ ಟಾರ್ಪೆಡೊ ತಿಂದು ದಡಕ್ಕೆ ಎಳೆದು ತಂದ ಹಡಗದು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ದಡದಿಂದ ಜಾರಿ ನೀರಿಗೆ ಸೇರಿತು. ಈಗ ಅದರ ಮೇಲ್ಭಾಗ ಐದಾರು ಮೀಟರ್ ಆಳದಲ್ಲೇ ಶುರುವಾಗುತ್ತದೆ, ದಡದಿಂದ ನಡೆದೇ ಇಳಿಯಬಹುದು. ಪೆನಿಡಾದ ಮೋಲಾ ಮಾತ್ರ 50 ಡೈವ್ ಆದ ಮೇಲೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ದಿನಗಳ ಜೋಡಣೆಗೆ ಬರೋಣ. ಹತ್ತು ತಿಂಗಳು ಬಿಟ್ಟಿದ್ದೀರಿ, ಆದ್ದರಿಂದ ಮೊದಲ ದಿನ ಬೋಟ್ ಬೇಡ. ಲಗೂನಿನ ಮರಳಿನ ಮೇಲೆ ಐದು ಮೀಟರ್ ನೀರಿನಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಒಂದು ರಿಫ್ರೆಶರ್ ಮಾಡಿ. ಮುಖವಾಡಕ್ಕೆ ನೀರು ತುಂಬಿಸಿ ತೆಗೆಯುವುದು, ಉಸಿರಾಟದ ರೆಗ್ಯುಲೇಟರ್ ಬಾಯಿಂದ ಬಿಟ್ಟು ಹಿಡಿಯುವುದು, ಅಲುಗದೆ ತೇಲಿ ನಿಲ್ಲುವುದು. ಕೊನೆಯದಕ್ಕೆ ಹೆಚ್ಚು ಹೊತ್ತು ಕೊಡಿ, ಹವಳ ಉಳಿಯುವುದು ಅದರಿಂದಲೇ. ಸಾಧ್ಯವಾದರೆ ಡೈವ್‌ನ ದಿನಗಳು ಸಪ್ತಮಿಯಿಂದ ಏಕಾದಶಿಯ ಒಳಗೆ ಬೀಳುವಂತೆ ಟಿಕೆಟ್ ನೋಡಿ. ದಿನಕ್ಕೆ ಎರಡು ಡೈವ್ ಸಾಕು, ನೀರಿನ ತಿರುವು ಅಡ್ಡಿ ಬಾರದಿದ್ದರೆ ಎರಡೂ ಬೆಳಿಗ್ಗೆಯೇ, ಏಕೆಂದರೆ ಮಧ್ಯಾಹ್ನದ ಮೇಲೆ ಸಾಮಾನ್ಯವಾಗಿ ಗಾಳಿ ಏಳುತ್ತದೆ. ನಡುವೆ ಒಂದು ಪೂರ್ತಿ ಬಿಡುವು. ನೆಗಡಿ ಇದ್ದರೆ ಆ ದಿನ ಇಳಿಯಲೇಬೇಡಿ. ಮೊದಲ ಹತ್ತು ಮೀಟರಿನಲ್ಲೇ ಒತ್ತಡ ಎರಡು ಪಟ್ಟಾಗುತ್ತದೆ, ಕಟ್ಟಿದ ಕಿವಿ ಅದನ್ನು ತಾಳುವುದಿಲ್ಲ.

ಕೊನೆಯ ದಿನ ಒಣಗಿಯೇ ಇರಬೇಕು. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ತಾಸು ಬಿಡಬೇಕೆಂಬುದು ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಮಾರ್ಗಸೂಚಿ. ನಾನು 24 ಬಿಡುತ್ತೇನೆ. ಮಾಲ್ದೀವ್ಸ್‌ನಲ್ಲಿ ದ್ವೀಪದಿಂದ ಮಾಲೆಗೆ ಸೀಪ್ಲೇನ್‌ನಲ್ಲಿ ಬರುವುದಾದರೆ ಗಡಿಯಾರ ಅಲ್ಲಿಂದಲೇ ಎಣಿಸಿ, ಮಾಲೆಯ ವಿಮಾನದಿಂದಲ್ಲ. ಬೆಟ್ಟವೂ ವಿಮಾನದಂತೆಯೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. 600 ಮೀಟರ್‌ಗಿಂತ ಮೇಲೆ ಹೋಗುವುದನ್ನು ಎತ್ತರಕ್ಕೆ ಹೋದಂತೆಯೇ ಲೆಕ್ಕ ಹಾಕಬೇಕು. ಶ್ರೀಲಂಕಾದಲ್ಲಿ ಬೆಳಿಗ್ಗೆ ಕರಾವಳಿಯಲ್ಲಿ ಡೈವ್ ಮಾಡಿ ಮಧ್ಯಾಹ್ನ ನುವಾರ ಎಲಿಯಕ್ಕೆ ಕಾರು ಹತ್ತಿದರೆ ಸಂಜೆಗೆ ಸುಮಾರು 1,870 ಮೀಟರ್ ಮೇಲಿರುತ್ತೀರಿ. ರಕ್ತದಲ್ಲಿ ಕರಗಿದ ನೈಟ್ರೋಜನ್ ಇನ್ನೂ ಹೊರಬಂದಿರುವುದಿಲ್ಲ, ಒತ್ತಡ ಇಳಿದಾಗ ಗುಳ್ಳೆಯಾಗಬಹುದು. ಅಲ್ಲಿಗೆ ಹೋಗುವವರು ಮೊದಲು ಬೆಟ್ಟ ಮುಗಿಸಿ, ಆಮೇಲೆ ಕಡಲಿಗೆ ಇಳಿಯಲಿ. ಬಾಲಿಯ ಬತೂರ್ ಬೆಟ್ಟ ಹತ್ತುವವರಿಗೂ ಇದೇ ಮಾತು.

ಬುಕ್ ಮಾಡುವ ಮೊದಲು ಡೈವ್ ಸೆಂಟರ್‌ಗೆ ಒಂದು ಮೇಲ್ ಬರೆಯಿರಿ. ‘ಸೀಸನ್ ಹೇಗಿದೆ’ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಹೋದ ವರ್ಷ ಅದೇ ತಿಂಗಳಲ್ಲಿ ಎಷ್ಟು ದಿನ ಬೋಟ್ ಹೊರಡಲಿಲ್ಲ, ಆ ತಿಂಗಳಲ್ಲಿ ಯಾವ ಯಾವ ಸ್ಥಳಕ್ಕೆ ಹೋಗುವುದಿಲ್ಲ, 14 ಡೈವ್ ಆದವರ ಜೊತೆ ಒಬ್ಬ ಗೈಡ್‌ಗೆ ಎಷ್ಟು ಜನ ಎಂದು ಕೇಳಿ. ಹೊರಡದ ದಿನಗಳ ಸಂಖ್ಯೆಯನ್ನು ನೇರವಾಗಿ ಹೇಳುವವರ ಕೈಯಲ್ಲಿ ನಿಮ್ಮ ಜೀವ ಕೊಡಬಹುದು. ಜೊತೆಗೆ ಡೈವಿಂಗ್‌ಗೆಂದೇ ಇರುವ ವಿಮೆ ಮಾಡಿಸಿ, ಸಾಮಾನ್ಯ ಪ್ರವಾಸ ವಿಮೆ, ಮೈಯಲ್ಲಿ ಗುಳ್ಳೆಯಾದಾಗ ಬೇಕಾಗುವ ಒತ್ತಡದ ಕೋಣೆಯ ಚಿಕಿತ್ಸೆಗೆ ಬಾರದಿರಬಹುದು.

ಸಮುದ್ರ ಕೆಟ್ಟರೆ ಎಂದು ಕೇಳಿದ್ದೀರಿ. ಮೊದಲು ದಡ ಬದಲಿಸಲು ಆಗುತ್ತದೆಯೇ ನೋಡಿ. ಅದಕ್ಕಾಗಿಯೇ ಇಡೀ ಹತ್ತು ದಿನದ ಡೈವ್‌ಗೆ ಮುಂಚೆಯೇ ಹಣ ಕಟ್ಟಬೇಡಿ, ನಾಲ್ಕು ದಿನಕ್ಕೆ ಮಾತಾಡಿ ಎರಡು ದಿನ ಖಾಲಿ ಇಟ್ಟುಕೊಳ್ಳಿ. ಬದಲಿ ದಡವೂ ಇಲ್ಲದಿದ್ದರೆ ಅಂದು ಡೈವ್ ಇಲ್ಲ. ಬೋಟ್ ಏರಿ ಅಲ್ಲಿಯವರೆಗೆ ಹೋದ ಮೇಲೂ, ಟ್ಯಾಂಕ್ ಬೆನ್ನಿಗೇರಿದ ಮೇಲೂ ‘ಇವತ್ತು ನಾನು ಇಳಿಯುವುದಿಲ್ಲ’ ಎನ್ನಬಹುದು, ಕಾರಣ ಕೊಡಬೇಕಾಗಿಲ್ಲ. ನಿಮ್ಮ ಗೈಡ್‌ಗೆ ಇದನ್ನು ಮೊದಲ ದಿನವೇ ಹೇಳಿಡಿ, ಹೆಂಡತಿಗೂ ಹೇಳಿಡಿ. ಬೋಟ್ ತೂಗುವುದನ್ನು ನೋಡುತ್ತಾ ನೂರು ಎಣಿಸುವುದು ನನ್ನ ಅಭ್ಯಾಸ: ಒಂದು ಅಲೆ ಬೋಟನ್ನು ಎತ್ತಿದಾಗ ಎಣಿಕೆ ಶುರು, ಮುಂದಿನದು ಎತ್ತಿದಾಗ ಎಷ್ಟು ಸೆಕೆಂಡು ಎಂದು ಗುರುತು, ಹೀಗೆ ಏಳೆಂಟು ಅಲೆ. ನೀವೂ ವೆಟ್‌ಸೂಟ್ ಜಿಪ್ ಎಳೆಯುವ ಮೊದಲು ಅಷ್ಟು ಮಾಡಿ. ಹನ್ನೆರಡು ದಾಟಿ, ನೀವಿರುವುದು ಅಲೆಗೆ ಮುಖ ಮಾಡಿದ ದಡವಾದರೆ, ಗೈಡ್ ಹತ್ತಿರ ಹೋಗಿ ಕೇಳಿ: ‘ಈ ದ್ವೀಪದ ಆಚೆ ಬದಿಗೆ ಹೋಗೋಣವೇ?’